ನಕ್ಕೋ ಅಂದಳು, ನಕ್ಕಳು ಅಂದೆ

ನಮ್ಮ ಮನೆತನದ ಮದುವೆಗಳಲ್ಲಿ ಬಿರಿಯಾನಿಗಿಂತ ಮೊದಲು ಒಂದು ಜೋಕು ಬಡಿಸುತ್ತಾರೆ. ಬಡಿಸುವವರು ನನ್ನ ಮಾಮೂ, ಅಮ್ಮನ ಅಣ್ಣ. ಈಗ ಎಪ್ಪತ್ತು ದಾಟಿದ್ದಾರೆ, ಹಲ್ಲಿನ ಸೆಟ್ಟು ಸಡಿಲವಾಗಿದೆ, ಜೋಕು ಮಾತ್ರ ಗಟ್ಟಿಮುಟ್ಟಾಗಿದೆ. "ಮದುಮಗಳ ಒಪ್ಗಿ ಕೇಳಾಕ ಒಳಗ ಹೋದ್ನಿ. ಆಕಿ ನಕ್ಕೋ ಅಂದ್ಳು. ಬಾಜೂಕ ಕುಂತ ಸಣ್ಣಾಕಿ, ನಕ್ಕಳು ಮಾಮೂ, ನಕ್ಕಳು ಅಂದ್ಳು. ನಿಕಾಹ್ ಆಗೇ ಹೋತು!"

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕನ್ನಡ ಬಾರದ ಮುಂಬಯಿ ನೆಂಟರಿಗೆ ಯಾರಾದರೂ ಹಿಂದಿಯಲ್ಲಿ ಬಿಡಿಸಿ ಹೇಳುತ್ತಾರೆ, ಅವರು ತಡವಾಗಿ ನಗುತ್ತಾರೆ.

ನಿಮಗೂ ಬಿಡಿಸಿ ಹೇಳುತ್ತೇನೆ. ನಾವು ವಿಜಾಪುರದ ಕಡೆಯ ಮುಸಲ್ಮಾನರು. ಅಬ್ಬಾ ಮುಂಬಯಿಯ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮಶೀನು ನಡೆಸುತ್ತಿದ್ದರು. ಅಲ್ಲೇ ಚಾಳಿನ ಒಂದು ಖೋಲಿಯಲ್ಲಿ ನಾವು ಬೆಳೆದೆವು. ಒಳಗೆ ದಖನಿ ಉರ್ದು, ಹೊರಗೆ ಹಿಂದಿ, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕನ್ನಡ. ದಖನಿಯಲ್ಲಿ ನಕ್ಕೋ ಅಂದರೆ ಬೇಡ. ಕನ್ನಡದಲ್ಲಿ ನಕ್ಕಳು ಅಂದರೆ ನಕ್ಕಳು, ಅದಕ್ಕೆ ನಾನು ಅರ್ಥ ಹೇಳಬೇಕಾಗಿಲ್ಲ. ಜೋಕಿನ ಮದುಮಗಳು ನನ್ನ ಆಪಾ, ನನ್ನ ಒಬ್ಬಳೇ ಅಕ್ಕ. ಬಾಜೂಕ ಕುಂತ ಸಣ್ಣಾಕಿ ನಾನು.

ಆಗ ಆಪಾಗೆ ಹತ್ತೊಂಬತ್ತು, ನನಗೆ ಹದಿಮೂರು. ಹನ್ನೆರಡನೆಯ ತರಗತಿ ಪಾಸಾಗಿ ಆಪಾ ವಿಲೆ ಪಾರ್ಲೆಯ ಕಾಲೇಜೊಂದರಿಂದ ಮಾಸ್ತರಿಕೆ ತರಬೇತಿಯ ಫಾರಂ ತಂದಿದ್ದಳು. ಫಾರಮ್ಮಿನ ತುಂಬ ಅವಳ ಮುತ್ತಿನಂಥ ಅಕ್ಷರ. ಕನ್ನಡ ಶಾಲೆಯಲ್ಲೇ ಟೀಚರ್ ಆಗಬೇಕೆಂಬುದು ಅವಳ ಹಟ. ಅಷ್ಟರಲ್ಲಿ ವಿಕ್ರೋಳಿಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಪರ್ಮನೆಂಟ್ ನೌಕರಿ, ಕಂಪನಿಯ ಕ್ವಾರ್ಟರ್ಸು. ವಯಸ್ಸು ಮೂವತ್ತೆರಡು. ಮೊದಲೊಂದು ಮದುವೆಯಾಗಿ ಬಿಟ್ಟುಹೋಗಿತ್ತು, ಯಾಕೆ ಬಿಟ್ಟುಹೋಯಿತೆಂದು ನಮ್ಮವರು ಕೇಳಲಿಲ್ಲ. ಕ್ವಾರ್ಟರ್ಸಿನ ಮುಂದೆ ಇಂಥ ಪ್ರಶ್ನೆಗಳಿಗೆ ಬಾಯಿ ಬರುವುದಿಲ್ಲ.

ಆಪಾ ಒಂದು ತಿಂಗಳು ನಕ್ಕೋ ಅಂದಳು. ರೊಟ್ಟಿ ತಟ್ಟುತ್ತ ಅಂದಳು, ನಲ್ಲಿಯ ಸರದಿಯಲ್ಲಿ ನಿಂತು ಅಂದಳು, ಅಬ್ಬಾನ ಮುಂದೆ ತಲೆ ಬಗ್ಗಿಸಿ ಅಂದಳು. ಅಬ್ಬಾ, "ನಿಮ್ಮ ಅಮ್ಮಾನ ಕೇಳು" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅಮ್ಮಾ ಕೊನೆಗೆ ದಖನಿಯಲ್ಲಿ ಒಂದು ಮಾತು ಹೇಳಿದಳು. ಆ ಮಾತಿಗಾಗಿ ನಾನು ಅವಳನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. "ಅಳಬ್ಯಾಡವಾ. ನಮ್ಮ ದೀನ್‌ನ್ಯಾಗ, ನಮ್ಮ ಧರ್ಮದಾಗ, ಹುಡಗೀನ ಕೇಳದ ನಿಕಾಹ್ ಆಗಂಗಿಲ್ಲ. ಆ ದಿನ ಮೂರು ಸಲ ಕೇಳ್ತಾರ. ಆಗ ನೀ ಬ್ಯಾಡಂದ್ರ ಯಾರೂ ಏನೂ ಮಾಡಾಕಾಗಂಗಿಲ್ಲ."

ಅಮ್ಮಾ ಹೇಳಿದ್ದು ಸುಳ್ಳಲ್ಲ, ಅಕ್ಷರಕ್ಷರ ನಿಜ. ಅದೇ ನನಗೆ ಉರಿಯುವುದು. ಸುಳ್ಳಾಗಿದ್ದರೆ ಆಪಾ ಅವತ್ತೇ ಎಲ್ಲಾದರೂ ಓಡಿಹೋಗುತ್ತಿದ್ದಳು. ನಿಜವಾದ್ದರಿಂದ ನಂಬಿದಳು. ಅತ್ತು ಕೆಂಪಾದ ಮುಖ ತೊಳೆದುಕೊಂಡು, ಮದುವೆಯ ಬಟ್ಟೆಗೆ ತಾನೇ ಜರಿಯ ಗೋಟಾಪಟ್ಟಿ ಹಚ್ಚುತ್ತ ಕೂತಳು. ಜನರೆಲ್ಲ, ಹುಡುಗಿ ಒಪ್ಪಿಕೊಂಡಳು ಅಂದರು. ಅವಳು ಪರೀಕ್ಷೆಗೆ ತಯಾರಾಗುತ್ತಿದ್ದಾಳೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಹಾಸಿಗೆಯಲ್ಲಿ ನನ್ನ ಕಿವಿಗೆ ಬಾಯಿಟ್ಟು, "ಮೂರು ಸಲ ಕೇಳ್ತಾರ, ಮೂರು ಸಲಾನೂ ಹೇಳ್ತೀನಿ" ಅನ್ನುತ್ತಿದ್ದಳು. ನಮ್ಮಿಬ್ಬರ ಗುಟ್ಟಿನ ಮಾತು ಯಾವಾಗಲೂ ಕನ್ನಡದಲ್ಲೇ, ಅಮ್ಮಾಗೆ ಅಷ್ಟು ಬೇಗ ತಿಳಿಯದಿರಲೆಂದು.

ಆ ದಿನ ಬಂತು. ಚಾಳಿನ ಅಂಗಳದಲ್ಲಿ ಶಾಮಿಯಾನ, ಅಲ್ಲಿ ಗಂಡಸರು. ಮೇಲೆ ನಮ್ಮ ಖೋಲಿಯಲ್ಲಿ ಒಬ್ಬರ ತೊಡೆಯ ಮೇಲೊಬ್ಬರಂತೆ ಹೆಂಗಸರು. ಮಾಮೂ ಹುಡುಗಿಯ ವಕೀಲ. ಇದು ಕೋರ್ಟಿನ ವಕೀಲಿಯಲ್ಲ, ಮದುಮಗಳ ಮಾತನ್ನು ಅವಳ ಬಾಯಿಂದ ತೆಗೆದುಕೊಂಡು ಕಾಜಿಯ ತನಕ ಮುಟ್ಟಿಸುವ ಕೆಲಸ. ಅಂಚೆಯವನ ಕೆಲಸ ಅನ್ನಿ. ಅವರ ಹಿಂದೆ ಬಾಗಿಲಲ್ಲಿ ಇಬ್ಬರು ಸಾಕ್ಷಿಗಳು. ಆಪಾ ಸೆರಗಿನೊಳಗೆ ಮುದ್ದೆಯಾಗಿ ಕೂತಿದ್ದಳು. ನಾನು ಅವಳಿಗೆ ಅಂಟಿಕೊಂಡು ಕೂತಿದ್ದೆ. ನನ್ನ ಇನ್ನೊಂದು ಪಕ್ಕಕ್ಕೆ ಅಮ್ಮಾ.

ಮಾಮೂ ಗಂಟಲು ಸರಿಮಾಡಿಕೊಂಡು ಹುಡುಗನ ಹೆಸರು, ಅವನ ತಂದೆಯ ಹೆಸರು, ಹುಡುಗ ಕೊಡುವ ಮೆಹರಿನ ಮೊತ್ತ ಎಲ್ಲ ಹೇಳಿ, "ಇಜಾಜತ್ ಹೈ ಬೇಟಾ?" ಎಂದರು. ಒಪ್ಪಿಗೆ ಇದೆಯೇ ಮಗಳೇ?

"ನಕ್ಕೋ" ಅಂದಳು ಆಪಾ.

ಮೆಲ್ಲಗೆ ಅಂದಳು, ಆದರೆ ಸ್ಪಷ್ಟವಾಗಿ ಅಂದಳು. ಖೋಲಿಯ ಗದ್ದಲ ಫ್ಯಾನು ನಿಂತಂತೆ ನಿಂತಿತು. ಮಾಮೂ ಸಾಕ್ಷಿಗಳ ಕಡೆ ನೋಡದೆ ಅಮ್ಮಾನ ಕಡೆ ನೋಡಿದರು. "ಕ್ಯಾ ಬೋಲೀ?" ಏನಂದಳು, ಅಂದರು. ಅಮ್ಮಾ ನನ್ನ ತೊಡೆ ಚಿವುಟಿದಳು. ಹೀಗೆ ಹೇಳು ಎಂದೇನೂ ಚಿವುಟಿರಲಿಕ್ಕಿಲ್ಲ. ಭಯಕ್ಕೆ ಕೈಗೆ ಸಿಕ್ಕದ್ದನ್ನು ಹಿಂಡಿರಬೇಕು. ನಾನು ಬಾಯಿ ತೆಗೆದೆ.

"ನಕ್ಕಳು ಮಾಮೂ. ನಕ್ಕಳು."

ಯಾಕೆ ಅಂದೆ? ಹದಿಮೂರರ ಬುದ್ಧಿ, ತಿಳಿಯಲಿಲ್ಲ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಚೆನ್ನಾಗಿ ತಿಳಿದಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ತುದಿನಾಲಿಗೆಗೆ ಒಂದು ಚಂದದ ಮಾತು ಬಂದಿತ್ತು. ಕನ್ನಡದಲ್ಲಿ ತರಗತಿಗೇ ಮೊದಲಿಗಳು ನಾನು, ಶ್ಲೇಷೆಗೆ ಹತ್ತಕ್ಕೆ ಹತ್ತು. ಆಡಿಬಿಟ್ಟೆ.

ಖೋಲಿ ಉಸಿರು ಬಿಟ್ಟಿತು. ಹೆಂಗಸರು ಕಿಲಕಿಲ ನಕ್ಕರು. "ಹಂಸೀ ಭೀ ಇಜಾಜತ್ ಹೈ," ನಗುವೂ ಒಪ್ಪಿಗೆಯೇ ಎಂದು ಮಾಮೂ ಗಟ್ಟಿಯಾಗಿ ಹೇಳಿದರು. ಎರಡನೆಯ ಸಲ, ಮೂರನೆಯ ಸಲ ಕೇಳಿದ್ದು ಆ ನಗೆಯೊಳಗೆ ಮುಳುಗಿಹೋಯಿತು. ಆಪಾ ಮತ್ತೆ ಹೇಳಿದಳೋ ಇಲ್ಲವೋ ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಮೈಕಿನಲ್ಲಿ ಹುಡುಗನ "ಕಬೂಲ್ ಹೈ" ಕೇಳಿಸಿತು. ಅದು ಮಾತ್ರ ಇಡೀ ಜೋಗೇಶ್ವರಿಗೆ ಕೇಳಿಸಿತು.

ಒಂದು ಮಾತು ಹೇಳಲೇಬೇಕು. ಅಲ್ಲಿದ್ದ ಯಾರೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ನಕ್ಕೋ ಅನ್ನುವುದು ನಮ್ಮ ಮನೆಗಳಲ್ಲಿ ಮಗು ಅಮ್ಮಾ ಅನ್ನುವುದಕ್ಕಿಂತ ಮೊದಲು ಕಲಿಯುವ ಮಾತು. ಈ ಊರಿನಲ್ಲಿ ಮರಾಠಿಯ ಭಾಜಿವಾಲಿಗೂ ಅದು ತಿಳಿಯುತ್ತದೆ. ಕುರುಡರಿಗೆ ಕಾಣಿಸೀತು, ಕಾಣಬಾರದೆಂದು ಕಣ್ಣು ಮುಚ್ಚಿದವರಿಗೆ ಏನು ಕಾಣಿಸುತ್ತದೆ? ಅವರಿಗೆಲ್ಲ ಒಂದು ನೆಪ ಬೇಕಾಗಿತ್ತು. ಅದನ್ನು ನಾನು ವ್ಯಾಕರಣಶುದ್ಧವಾಗಿ ಒದಗಿಸಿದೆ.

ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡೆ. ಕನ್ಯೆಯ ಮೌನವೇ ಅವಳ ಒಪ್ಪಿಗೆ, ಗೇಲಿಯದಲ್ಲದ ನಗುವೂ ಒಪ್ಪಿಗೆ ಎಂದು ಫಿಕಾ ಎಂಬ ನಮ್ಮ ಧರ್ಮಶಾಸ್ತ್ರದ ಗ್ರಂಥಗಳಲ್ಲಿದೆ. ನಾಚುವ ಹುಡುಗಿ ಬಾಯಿಬಿಟ್ಟು ಹೇಳಲಾರಳು, ಅವಳನ್ನು ಪೀಡಿಸಬೇಡಿ ಎಂಬ ಕರುಣೆ ಅದರ ಹಿಂದಿತ್ತು. ಕೇಳದೆ ಮದುವೆ ಮಾಡಿಕೊಟ್ಟರೆಂದು ದೂರು ತಂದ ಹುಡುಗಿಗೆ, ಇರುವುದೂ ಬಿಡುವುದೂ ನಿನ್ನಿಷ್ಟ ಎಂದು ಪೈಗಂಬರರೇ ಹೇಳಿದ ಸಂಗತಿಯೂ ಇದೆ. ಹೆಣ್ಣನ್ನು ಲೆಕ್ಕಕ್ಕೇ ಇಡದ ಕಾಲದಲ್ಲಿ ಅವಳ ಬಾಯಿಂದ ಕೇಳಿ ಎಂದ ಧರ್ಮ ನನ್ನದು. ಈ ಮಾತು ಹೇಳುವಾಗ ನನಗೆ ಈಗಲೂ ಹೆಮ್ಮೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಮ್ಮಲ್ಲಿಯೂ ಇದ್ದಾನೆ, ಟೋಪಿ ಬೇರೆ ಅಷ್ಟೆ. ನಾಚಿಕೆಗೆಂದು ಇಟ್ಟ ಸಣ್ಣ ಕಿಟಕಿಯನ್ನೇ ದೊಡ್ಡ ಬಾಗಿಲು ಮಾಡಿಕೊಂಡು ಮೆರವಣಿಗೆ ನುಗ್ಗಿಸಿದರು. ನನ್ನ ಜೊತೆಯ ಬ್ರಾಹ್ಮಣ ಟೀಚರೊಬ್ಬರಿಗೆ ಇದನ್ನು ಹೇಳಿದಾಗ, "ನಮ್ಮಲ್ಲೂ ಅದೇ ಅಲ್ಲವೇನ್ರೀ, ಮೌನಂ ಸಮ್ಮತಿ ಲಕ್ಷಣಂ" ಅಂದರು. ಬೇರೆ ಯಾವುದರಲ್ಲೂ ಹೊಂದದ ಪಂಡಿತರೂ ಮೌಲ್ವಿಗಳೂ ಹೆಣ್ಣಿನ ಬಾಯಿ ಮುಚ್ಚಿದ್ದರೆ ಚೆನ್ನ ಅನ್ನುವುದರಲ್ಲಿ ಎಷ್ಟು ಅನ್ಯೋನ್ಯವಾಗಿದ್ದಾರೆ ನೋಡಿ.

ಆಪಾ ವಿಕ್ರೋಳಿಗೆ ಹೋದಳು. ಗಂಡನ ಕೈ ಮುಂದೆ, ಮಾತು ಹಿಂದೆ. ಮೊದಲನೆಯವಳು ಯಾಕೆ ಬಿಟ್ಟುಹೋದಳೆಂಬುದು ಆರು ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು. ಮರುವರ್ಷ ಬಸುರಿ ಆಪಾ ಏಟಿಗೆ ಊದಿದ ಮುಖ ಹೊತ್ತು ಬಂದು ಬಾಗಿಲಲ್ಲಿ ನಿಂತಾಗ ಅಬ್ಬಾ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಊಟ ಮಾಡಿ, ಅವಳನ್ನು ಕರೆದುಕೊಂಡು ಹೋಗಿ ಬಿಟ್ಟುಬಂದರು. ಆದರೆ ಅವರೊಳಗೆ ಎಲ್ಲೋ ಹೆದರಿಕೆ ಹೊಕ್ಕಿತ್ತು. ಸಣ್ಣವಳಾದರೂ ಓದಲಿ ಅಂದರು. ಆಪಾ ತುಂಬಿಟ್ಟಿದ್ದ ಫಾರಂ ಟ್ರಂಕಿನ ತಳದಲ್ಲಿ ಹಳದಿಯಾಗಿತ್ತು. ನಾಲ್ಕೈದು ವರ್ಷದ ಮೇಲೆ ಅದನ್ನೇ ಎದುರಿಗಿಟ್ಟುಕೊಂಡು ನನ್ನ ಹೊಸ ಫಾರಂ ತುಂಬಿದೆ. ಅವಳು ಪಡೆಯಬೇಕಿದ್ದ ತರಬೇತಿ ನನಗಾಯಿತು, ಅವಳು ನಿಲ್ಲಬೇಕಿದ್ದ ಕರಿಹಲಗೆಯ ಮುಂದೆ ಈಗ ನಾನು ನಿಲ್ಲುತ್ತೇನೆ. ಕಲಬುರಗಿ, ಯಾದಗಿರಿಯಿಂದ ಬಿಲ್ಡಿಂಗ್ ಕಟ್ಟಲು ಬಂದವರ ಮಕ್ಕಳಿಗೆ ಪ್ರತಿವರ್ಷ ಕ್ರಿಯಾಪದ ಕಲಿಸುತ್ತೇನೆ. ಸಿಗು, ಸಿಕ್ಕಳು. ಹೊಗು, ಹೊಕ್ಕಳು. ನಗು ಬಂದಾಗ, ನೀವೇ ಬರೆಯಿರಿ ಎಂದು ಸೀಮೆಸುಣ್ಣ ಕೆಳಗಿಡುತ್ತೇನೆ.

ಮದುವೆಯ ನಂತರ ಆಪಾ ಎರಡು ಬಿಟ್ಟಳು. ಒಂದು, ನನ್ನ ಜೊತೆ ಕನ್ನಡ ಮಾತಾಡುವುದನ್ನು. ನಾನು ಕನ್ನಡದಲ್ಲಿ ಕೇಳಿದರೆ ದಖನಿಯಲ್ಲಿ ಉತ್ತರ. ಬರಬರುತ್ತ ಅದೂ ಹೋಗಿ ಮುಂಬಯಿಯ ಹಿಂದಿ. ಇನ್ನೊಂದನ್ನು ನಾನು ಗಮನಿಸಲು ಬಹಳ ದಿನ ಹಿಡಿಯಿತು. ಅವಳು ನಕ್ಕೋ ಅನ್ನುವುದನ್ನು ಬಿಟ್ಟಿದ್ದಳು. ಅನ್ನ ಇನ್ನಷ್ಟು ಬಡಿಸಲೇ ಅಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ಅಂಗಡಿಯವನು ದುಬಾರಿ ಬಟ್ಟೆ ತೋರಿಸಿದರೆ "ರಹನೇ ದೋ, ಬಾದ್ ಮೆ", ಇರಲಿ ಆಮೇಲೆ, ಅನ್ನುತ್ತಿದ್ದಳು. ದಖನಿಯವರ ಬಾಯಿಂದ ನಕ್ಕೋ ತೆಗೆದರೆ ಮಾತೇ ಕುಂಟುತ್ತದೆ. ಅವಳು ಅಷ್ಟು ವರ್ಷ ಕುಂಟಿಸಿಕೊಂಡೇ ಮಾತಾಡಿದಳು.

ಹನ್ನೆರಡು ವರ್ಷ ತಾಳಿಕೊಂಡು ಆಪಾ ಖುಲಾ ಕೇಳಿದಳು. ಹೆಂಡತಿ ತಾನಾಗಿ ಬಿಡುಗಡೆ ಕೇಳುವ ಹಕ್ಕು ಅದು. ಗಂಡ ಕೊಡುವುದಿಲ್ಲ ಎಂದ. ಕೋರ್ಟಿಗೆ ಹೋಗು ಎಂದೆ ನಾನು. ಕೋರ್ಟು ನಮ್ಮಂಥವರಿಗಲ್ಲ ಎಂದರು ಅಬ್ಬಾ. ಕೊನೆಗೆ ಜಮಾತಿನ, ಅಂದರೆ ನಮ್ಮವರ ಪಂಚಾಯ್ತಿಯ ಆಫೀಸಿಗೆ ಹೋದೆವು. ಮಸೀದಿಯ ಮಗ್ಗುಲಿನ ಬಿಲ್ಡಿಂಗಿನ ಮೊದಲ ಮಹಡಿ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಡೆ ಪರದೆ. ಪರದೆಯ ಈಚೆ ಅಮ್ಮಾ, ಆಪಾ, ನಾನು. ಆಚೆ ಅಬ್ಬಾ, ಮಾಮೂ, ಹಿರಿಯರು, ಒಬ್ಬ ಮೌಲಾನಾ. ಮೌಲಾನಾ ಒಳ್ಳೆಯವರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲ ಕೇಳಿಕೊಂಡು, "ನಿಕಾಹ್‌ಗೆ ನೀನು ಮನಸಾರೆ ಒಪ್ಪಿದ್ದೆಯಾ?" ಎಂದು ಆಪಾನನ್ನೇ ಕೇಳಿದರು.

ಅವಳು ಪರದೆಯ ಈಚೆಯಿಂದ, "ನಾನು ಬೇಡ ಅಂದಿದ್ದೆ" ಎಂದಳು. ಹಿಂದಿಯಲ್ಲಿ.

ಆಚೆ ಗುಸುಗುಸು. ಮಾಮೂ, "ಹುಡುಗಿ ನಕ್ಕಿದ್ದಳು, ಸಾಕ್ಷಿ ಇದ್ದಾರೆ" ಎಂದರು. ಮೌಲಾನಾ ಹೇಳಿದರು. "ಇಷ್ಟು ವರ್ಷ ಆದಮೇಲೆ ಸುಲಭವಲ್ಲ. ಆದರೂ ಅವತ್ತೇ ಬೇಡ ಅಂದದ್ದು ನಿಜವಾದರೆ ಗಂಡನನ್ನು ಕರೆಸಿ ಬಿಡಿಸುವ ಜವಾಬ್ದಾರಿ ನನ್ನದು. ಹತ್ತಿರ ಕೂತು ಕೇಳಿದವರು ಯಾರಾದರೂ ಇದ್ದಾರೆಯೇ? ಹೆಂಗಸರಾದರೂ ಸರಿ."

"ನನ್ನ ತಂಗಿ ಇದ್ದಳು" ಎಂದಳು ಆಪಾ. ತಿರುಗಿ ನನ್ನನ್ನು ನೋಡಿದಳು.

ನನಗೆ ಇಪ್ಪತ್ತೈದು. ಸ್ಟಾಫ್ ರೂಮಿನಲ್ಲಿ ಹೆಣ್ಣಿನ ಹಕ್ಕಿನ ಬಗ್ಗೆ ಭಾಷಣ ಬಿಗಿಯುವವಳು. ಮುಂದಿನ ತಿಂಗಳು ನನ್ನ ನಿಕಾಹ್, ನನಗೆ ಇಷ್ಟವಾದ ಹುಡುಗ, ಕಾರ್ಡು ಛಾಪಿಸಿ ಆಗಿತ್ತು. ಆ ಹುಡುಗನ ಮನೆಯ ಹಿರಿಯರೊಬ್ಬರು ಪರದೆಯ ಆಚೆ ಕೂತಿದ್ದರು. ಹನ್ನೆರಡು ವರ್ಷದ ಹಿಂದೆ ಎಲ್ಲರ ಎದುರು ಸುಳ್ಳು ಹೇಳಿದೆ ಎಂದು ಅವರ ಮುಂದೆ ಹೇಗೆ ಹೇಳಲಿ? ಅಮ್ಮಾನ ಕೈ ನನ್ನ ತೊಡೆಯ ಮೇಲೆ ಬಂತು. ಈ ಸಲ ಚಿವುಟಲಿಲ್ಲ, ಸುಮ್ಮನೆ ಇಟ್ಟಳು.

ಮೌಲಾನಾ ಎರಡು ಸಲ ಕೇಳಿದರು. ಮೂರನೆಯ ಸಲವೂ ಕೇಳಿದರು. ನಾನು ಬಾಯಿ ತೆಗೆಯಲಿಲ್ಲ.

ನನ್ನ ಮೌನವನ್ನೂ ಒಪ್ಪಿಗೆಯೆಂದೇ ತೆಗೆದುಕೊಂಡರು. ಹುಡುಗಿ ನಕ್ಕಿದ್ದಳು ಎಂದಾಯಿತು. ಸಬರ್ ಮಾಡು, ತಾಳಿಕೋ, ಹತ್ತು ವರ್ಷದ ಮಗಳಿದ್ದಾಳೆ ಎಂದು ಬುದ್ಧಿ ಹೇಳಿದರು. ಆಪಾ ಮೆಟ್ಟಿಲಿಳಿದು ಸ್ಟೇಷನ್ನಿಗೆ ಹೋಗಿ ಲೋಕಲ್ ಹಿಡಿದಳು. ಮುಂದಿನ ತಿಂಗಳು ನನ್ನ ನಿಕಾಹ್ ಆಯಿತು. ಮಾಮೂ ಕೇಳಿ ಮುಗಿಸುವ ಮೊದಲೇ ಹೌ ಅಂದೆ. ಎಲ್ಲರೂ ನಕ್ಕರು. ಬಾಗಿಲ ಬಳಿ ಶರಬತ್ತಿನ ಟ್ರೇ ಹಿಡಿದು ನಿಂತಿದ್ದ ಆಪಾನೂ ಮುಖದಲ್ಲಿ ನಗುವಿನ ಆಕಾರ ಮಾಡಿದಳು. ಶಾಲೆಯ ಗೋಡೆಯ ಮೇಲೆ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬರೆಸಿದ್ದಾರೆ. ಆಡದಿದ್ದರೂ ಹೋಗುತ್ತದೆ ಎಂದು ಅದರ ಕೆಳಗೆ ಬರೆಯಬೇಕೆನಿಸುತ್ತದೆ.

ಇವೆಲ್ಲ ಆಗಿ ಹದಿಮೂರು ವರ್ಷ. ಅಬ್ಬಾ, ಅಮ್ಮಾ ಇಬ್ಬರೂ ಹೋದರು. ಆಪಾನ ಗಂಡನಿಗೆ ಸಕ್ಕರೆ ಕಾಯಿಲೆ, ಒಂದು ಪಾದ ತೆಗೆದಿದ್ದಾರೆ. ಹೊಡೆದ ಕೈಗೆ ಈಗ ಅವಳೇ ಮಾತ್ರೆ ಎಣಿಸಿ ಕೊಡುತ್ತಾಳೆ. ಆ ಮಗಳಿಗೆ ಈಗ ಇಪ್ಪತ್ತಮೂರು. ವಿಲೆ ಪಾರ್ಲೆಯಲ್ಲಿ ವಿಮಾನದ ಟಿಕೆಟ್ಟಿನ ಆಫೀಸಿನಲ್ಲಿ ಕೆಲಸ. ಹಿಂದಿ, ಇಂಗ್ಲಿಷು ಪಟಪಟ, ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ತಡವರಿಸುತ್ತಾಳೆ. ಕಳೆದ ವರ್ಷ ಅವಳಿಗೊಂದು ಸಂಬಂಧ ಬಂತು. ಅದೂ ಅಪ್ಪನ ಕಡೆಯಿಂದ, ಅದೂ ವಿಕ್ರೋಳಿಯಿಂದ.

ಕೇಳಿದೊಡನೆ ಹುಡುಗಿಗೆ ಫೋನು ಮಾಡಿ, "ಬೇಟಾ, ನಿನಗೆ ಇಷ್ಟವಿದೆಯಾ? ನಿಜ ಹೇಳು" ಎಂದೆ. "ಠೀಕ್ ಹೈ ನಾ ಖಾಲಾ" ಅಂದಳು. ಖಾಲಾ ಅಂದರೆ ಚಿಕ್ಕಮ್ಮ. ಠೀಕ್ ಹೈ ಅನ್ನುವುದು ಒಪ್ಪಿಗೆಯೇ? ಬಾಡಿಗೆ ಹೆಚ್ಚಿಸಿದರೂ ನಾವು ಠೀಕ್ ಹೈ ಅನ್ನುತ್ತೇವೆ. ಎರಡನೆಯ ಸಲ ಫೋನು ಮಾಡಿದೆ, ಮೀಟಿಂಗಿನಲ್ಲಿದ್ದೇನೆ ಎಂದು ಇಟ್ಟಳು. ಅಳು ತಡೆದುಕೊಳ್ಳಲು ಇಟ್ಟಳು ಎಂದು ತೀರ್ಮಾನಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆಪಾನನ್ನು ಕೇಳಬಹುದಿತ್ತು, ಕೇಳಲಿಲ್ಲ. ನಮ್ಮಿಬ್ಬರ ನಡುವೆ ಅಂಥ ಮಾತು ಉಳಿದಿರಲಿಲ್ಲ. ಈ ಸಲ ನಾನು ಸುಮ್ಮನಿರುವುದಿಲ್ಲ ಎಂದು ಶಪಥ ಮಾಡಿದೆ. ಇದೊಂದರಿಂದ ಹಳೆಯದೆಲ್ಲ ತೊಳೆದುಹೋಗುತ್ತದೆ ಎಂದು ನಂಬಿದೆ.

ಜೋಗೇಶ್ವರಿಯ ಒಂದು ಹಾಲ್, ಮಧ್ಯಾಹ್ನದ ನಮಾಜಿನ ನಂತರ ನಿಕಾಹ್. ಒಳಕೋಣೆಯಲ್ಲಿ ಎಸಿ ಹಾಕಿ ಮದುಮಗಳನ್ನು ಕೂರಿಸಿದ್ದರು. ನಾನು ಹೋಗಿ ಅವಳಿಗೆ ಅಂಟಿಕೊಂಡು ಕೂತೆ. ಅವಳ ಕೈ ತಣ್ಣಗಿತ್ತು. ಎಸಿಗೆ ಎಲ್ಲರ ಕೈಯೂ ತಣ್ಣಗಿತ್ತು, ಅದು ನನಗೆ ಹೊಳೆಯಲಿಲ್ಲ. ವಕೀಲನಾಗಿ ಬಂದವನು ಹುಡುಗಿಯ ಚಾಚಾ, ಅಂದರೆ ಆಪಾನ ಮೈದುನ. ಬಾಗಿಲಲ್ಲಿ ಸಾಕ್ಷಿಗಳು. ಅವರ ಹಿಂದೆ ಕೋಲೂರಿಕೊಂಡು ಮಾಮೂ. ಬಂದವರೇ ಗೊಣಗಿದರು. "ಈ ಹುಡಗಿ ಕಾಗದದಾಗ ಶರ್ತ್ ಬರಸ್ಯಾರ ನೋಡ್ರಿ. ನೌಕರಿ ಬಿಡ್ಸಂಗಿಲ್ಲಂತ, ತಲಾಖಿನ ಹಕ್ಕು ಆಕಿ ಕೈಯಾಗೂ ಇರ್ತದಂತ. ನಮ್ಮ ಕಾಲದಾಗ ಆ ಜಾಗಾಕ್ಕ ಒಂದ ಗೆರಿ ಎಳದ್ರ ಮುಗೀತಿತ್ತು."

ನಿಕಾಹ್‌ನಾಮೆಯಲ್ಲಿ ಹುಡುಗಿಯ ಶರ್ತುಗಳಿಗೆಂದು ಒಂದು ಖಾಲಿ ಜಾಗ ಇರುತ್ತದೆ. ನನ್ನದರಲ್ಲೂ ಗೆರೆಯೇ ಇದೆ. ಇವಳದನ್ನು ಯಾರು ತುಂಬಿಸಿದರು ಎಂದು ನಾನು ಯೋಚಿಸಲಿಲ್ಲ. ಮಾಮೂ ಅಲ್ಲಿಗೆ ಬಿಡದೆ, ಕೂತ ಹೆಂಗಸರಿಗೆ ತಮ್ಮ ಹಳೆಯ ಜೋಕನ್ನು ಬಡಿಸತೊಡಗಿದ್ದರು. ನಕ್ಕೋ ಅಂದ್ಳು, ನಕ್ಕಳು ಅಂದ್ಳು. ಕೋಣೆ ಗೊಳ್ಳೆಂದಿತು. ಆ ಗದ್ದಲದಲ್ಲೇ ಚಾಚಾ ಬಾಗಿ, "ಇಜಾಜತ್ ಹೈ ಬೇಟಾ?" ಎಂದ.

ಸೆರಗಿನೊಳಗಿಂದ ಒಂದು ಸದ್ದು ಬಂತು. ಮೂಗಿನಲ್ಲಿ ಹುಟ್ಟಿ ಗಂಟಲಲ್ಲಿ ಮುರಿದ ಸದ್ದು. ನನಗೆ 'ನ' ಕೇಳಿಸಿತು. ಇಪ್ಪತ್ತೈದು ವರ್ಷದಿಂದ ಕಾಯುತ್ತಿದ್ದ 'ನ'.

ಎದ್ದು ನಿಂತೆ. "ರುಕೋ!" ಎಂದು ಕಿರುಚಿದೆ. "ಆಕಿ ನಕ್ಕೋ ಅಂದಾಳ. ನಾ ಕೇಳೀನಿ. ಈ ನಿಕಾಹ್ ಆಗೂದಿಲ್ಲ!"

ಹುಡುಗನ ಕಡೆಯ ಸಾಕ್ಷಿ ಮುಖ ಕೆಂಪಾಗಿಸಿ ಹೊರಗೆ ಹೊರಟ. ಚಾಚಾ, "ಯೇ ಕ್ಯಾ ತಮಾಶಾ ಹೈ" ಎಂದ. ಮದುಮಗಳು ಸೆರಗು ಸರಿಸಿ ಬೆದರಿದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಆಪಾ ಒಳಗೆ ಬಂದಳು. ಸಾಕ್ಷಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. ನೇರ ನನ್ನೆದುರು ಬಂದು ನಿಂತಳು.

"ಕುಂದರ್ ನೀ" ಎಂದಳು. ಕನ್ನಡದಲ್ಲಿ. "ಬಾಯಿ ಮುಚ್ಕೊಂಡ ಕುಂದರ್. ಆವಾಗ ನನ್ನ ಮಾತು ನೀ ಆಡಿದಿ. ಈಗ ನನ್ನ ಮಗಳದೂ ನೀನ ಆಡ್ತಿಯೇನ?"

ಕೂತೆ.

ಆಪಾ ಮಗಳ ಗಲ್ಲ ಹಿಡಿದೆತ್ತಿ, "ಬೋಲ್. ತೇರೆ ಮೂ ಸೆ ಬೋಲ್. ಸಬ್ ಕೋ ಸುನಾಯೀ ದೇನಾ" ಎಂದಳು. ನಿನ್ನ ಬಾಯಿಂದಲೇ ಹೇಳು, ಎಲ್ಲರಿಗೂ ಕೇಳಿಸಲಿ. ಹುಡುಗಿ ಹೊರಗಿನ ಗಂಡಸರಿಗೂ ಕೇಳಿಸುವಂತೆ, "ಇಜಾಜತ್ ಹೈ. ಮೇರೀ ಮರ್ಜೀ ಸೆ", ಒಪ್ಪಿಗೆ ಇದೆ, ನನ್ನಿಷ್ಟದಿಂದಲೇ, ಎಂದಳು. ಮೂರು ಸಲವೂ ಹಾಗೆಯೇ ಅಂದಳು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು. "ಖಾಲಾ, ನಾನು... ನಗು ಬಂತು. ಸಚ್ಚೀ ಮೆ. ಜೋಕ್ ಸುನ್ ಕೆ."

ಅವಳು ನಕ್ಕಿದ್ದಳು, ನನ್ನದೇ ಜೋಕಿಗೆ.

ಉಳಿದದ್ದು ಊಟದ ಪಂಕ್ತಿಯಲ್ಲಿ ಬಾಯಿಂದ ಬಾಯಿಗೆ ಹೋಗುತ್ತ ನನ್ನ ಕಿವಿಗೂ ಬಿತ್ತು. ಹುಡುಗನನ್ನು ಆಪಾ ಮೂರು ಸಲ ಮನೆಗೆ ಕರೆಸಿದ್ದಳಂತೆ. ಮಗಳನ್ನು ಅವನೆದುರು ಕೂರಿಸಿ, ಮಾತಾಡಿ ನೋಡು ಎಂದು ತಾನು ಹೊರಗೆ ಹೋಗಿ ನಿಂತಿದ್ದಳಂತೆ. ಶರ್ತುಗಳನ್ನು ಬರೆಸಿದವಳೂ ಅವಳೇ. ಗಂಡ ಹಾಸಿಗೆಯಿಂದ ಕೂಗಾಡಿದರೂ ಬಿಡದೆ, ಆ ಹಳೆಯ ಮೌಲಾನಾರನ್ನೇ ಹುಡುಕಿಕೊಂಡು ಹೋಗಿ ಒಕ್ಕಣೆ ಕೇಳಿ ಬಂದಿದ್ದಳು. ನಾನು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುತ್ತಿದ್ದ ವರ್ಷಗಳಲ್ಲಿ ಅವಳು ಇದನ್ನು ಮಾಡಿದ್ದಳು. ಒಂದು ಮಾತೂ ನನಗೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಸಂಜೆ ಹುಡುಗಿಯನ್ನು ಕಳಿಸಿ ಆಯಿತು. ಒಳಕೋಣೆಯಲ್ಲಿ ಆಪಾ ಒಬ್ಬಳೇ ನೆಲಕ್ಕೆ ಕೂತು, ಬಿದ್ದ ಸೇಫ್ಟಿ ಪಿನ್ನುಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ. ಇಪ್ಪತ್ತೈದು ವರ್ಷ ಅಭ್ಯಾಸ ಮಾಡಿದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ.

"ಆಪಾ, ಆ ದಿನದ್ದಕ್ಕೆ, ಜಮಾತಿನ ದಿನದ್ದಕ್ಕೆ, ಇವತ್ತಿನದಕ್ಕೆ, ಎಲ್ಲದಕ್ಕೂ ನನ್ನ ಮಾಫ್ ಮಾಡ್ತಿಯಾ?" ಎಂದೆ.

ಅವಳು ಕೈಯಲ್ಲಿದ್ದ ಪಿನ್ನನ್ನು ಮುಚ್ಚಿ ಡಬ್ಬಿಯಲ್ಲಿಟ್ಟಳು.

"ನಕ್ಕೋ" ಎಂದಳು.

ಡಬ್ಬಿಯ ಮುಚ್ಚಳ ಹಾಕಿ ಎದ್ದಳು. ನಾನು ತಲೆಯೆತ್ತಿ ಅವಳ ಮುಖವನ್ನು ಚೆನ್ನಾಗಿ ನೋಡಿದೆ. ಆಪಾ ನಕ್ಕಿರಲಿಲ್ಲ.